ವುಸ್ಟರ್‌ನಲ್ಲಿ ಹೈದರಾಲಿಯ ಹೆಸರು ಹುಡುಕಿದ ನಾಲ್ಕು ದಿನ

ಮಂಡ್ಯ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಹೇಳಿದ ನಾನು ಪ್ರತಿ ವರ್ಷವೂ ಒಂದು ಮಾತನ್ನು ತಪ್ಪದೆ ಹೇಳುತ್ತಿದ್ದೆ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರ ಮೇಲೆ ಗುಂಡು ಹಾರಿಸಿದ ಹಡಗೊಂದಕ್ಕೆ ನಮ್ಮ ಹೈದರಾಲಿಯ ಹೆಸರಿತ್ತು ಎಂಬುದು ಆ ಮಾತು. ಶ್ರೀರಂಗಪಟ್ಟಣದ ಸುತ್ತಮುತ್ತಲಿನ ಹಳ್ಳಿಗಳಿಂದ ಬರುತ್ತಿದ್ದ ವಿದ್ಯಾರ್ಥಿಗಳು ಅಷ್ಟು ಹೊತ್ತಿಗೆ ತೂಕಡಿಸುತ್ತಿದ್ದರೂ ಇದನ್ನು ಕೇಳಿದೊಡನೆ ನೆಟ್ಟಗೆ ಕೂರುತ್ತಿದ್ದರು. ನಿವೃತ್ತಿಯ ವರ್ಷ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಇದನ್ನ ನೀವು ಎಲ್ಲಿ ನೋಡಿದ್ರಿ?" ಎಂದು ಕೇಳಿದಳು. ಯಾವುದೋ ಪುಸ್ತಕದ ಅಡಿಟಿಪ್ಪಣಿಯಲ್ಲಿ ಓದಿದ್ದೆನೆಂಬುದು ನೆನಪಿತ್ತು, ಪುಸ್ತಕ ಯಾವುದೆಂಬುದು ನೆನಪಿರಲಿಲ್ಲ. ಗಂಟೆ ಹೊಡೆದದ್ದರಿಂದ ಆ ದಿನ ಬಚಾವಾದೆ.

ಬಾಸ್ಟನ್ನಿನ ಹತ್ತಿರ ನೆಲೆಸಿರುವ ಮಗಳ ಮನೆಗೆ ಹೋದಾಗ ಆ ಪ್ರಶ್ನೆಯನ್ನು ಜೊತೆಯಲ್ಲೇ ಒಯ್ದಿದ್ದೆ. ಅಮೆರಿಕದ ಹಳೆಯ ಪತ್ರಿಕೆಗಳನ್ನು ನೋಡಬೇಕಾದರೆ ಅಲ್ಲಿಂದ ಪಶ್ಚಿಮಕ್ಕೆ ರೈಲಿನಲ್ಲಿ ಹೋಗಬಹುದಾದಷ್ಟು ದೂರದ ವುಸ್ಟರ್ ಪಟ್ಟಣದ ಅಮೆರಿಕನ್ ಆಂಟಿಕ್ವೇರಿಯನ್ ಸೊಸೈಟಿಯ ಗ್ರಂಥಾಲಯಕ್ಕೆ ಹೋಗಬೇಕೆಂದು ಗೊತ್ತಾಯಿತು. ಆ ಊರಿನ ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ "ವೋರ್ಸೆಸ್ಟರ್" ಎಂದು ಟಿಕೆಟ್ ಕೇಳಿದ ನನಗೆ, ಅದು "ವುಸ್ಟರ್" ಎಂದು ಮಗಳು ಪಕ್ಕದಿಂದ ತಿದ್ದಿದಳು. ಬರೆಯುವುದೊಂದು, ಉಚ್ಚರಿಸುವುದೊಂದು ಎಂಬ ಈ ತೊಡಕು ಮುಂದಿನ ನಾಲ್ಕು ದಿನವೂ ಬೇರೆ ಬೇರೆ ವೇಷದಲ್ಲಿ ನನ್ನನ್ನು ಕಾಡಲಿದೆಯೆಂದು ಆಗ ಅನ್ನಿಸಿರಲಿಲ್ಲ.

ಈ ಸಂಸ್ಥೆಯನ್ನು 1812ರಲ್ಲಿ ಕಟ್ಟಿದವನು ಇಸಾಯಾ ಥಾಮಸ್ ಎಂಬ ಮುದ್ರಕ. 1749ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ಆತನನ್ನು ಆರು ವರ್ಷದ ಮಗುವಾಗಿದ್ದಾಗಲೇ ಒಂದು ಅಚ್ಚುಕೂಟಕ್ಕೆ ಕೆಲಸ ಕಲಿಯಲು ಒಪ್ಪಿಸಿದ್ದರು. ನೆಟ್ಟಗೆ ಓದಲು ಬರುವ ಮೊದಲೇ, ಮಣೆಯ ಮೇಲೆ ನಿಂತು, ಒಂದು ಲಾವಣಿಯ ಹಾಳೆಗೆ ಅಚ್ಚುಮೊಳೆ ಜೋಡಿಸಿದ್ದನಂತೆ. ಬೆಳೆದ ಮೇಲೆ 'ಮ್ಯಾಸಚೂಸೆಟ್ಸ್ ಸ್ಪೈ' ಎಂಬ ಪತ್ರಿಕೆ ನಡೆಸಿ ಬ್ರಿಟಿಷ್ ಅಧಿಕಾರಿಗಳ ಕಣ್ಣು ಕೆಂಪಾಗಿಸಿದ. 1775ರ ಏಪ್ರಿಲ್‌ನಲ್ಲಿ ಲೆಕ್ಸಿಂಗ್ಟನ್ನಿನಲ್ಲಿ ಮೊದಲ ಗುಂಡು ಹಾರುವುದಕ್ಕೆ ಕೆಲವೇ ದಿನ ಮುಂಚೆ, ರಾತ್ರೋರಾತ್ರಿ ಮುದ್ರಣಯಂತ್ರವನ್ನೂ ಮೊಳೆಗಳನ್ನೂ ನದಿ ದಾಟಿಸಿ ವುಸ್ಟರ್‌ಗೆ ಸಾಗಿಸಿದ. ಮೇ 3ರಂದು ಅಲ್ಲಿಂದ ಹೊರಟ ಸಂಚಿಕೆಯಲ್ಲಿ ಆ ಕಾಳಗದ ವರದಿಯಿತ್ತು. ಮುಂದೆ ಪುಸ್ತಕ ವ್ಯಾಪಾರದಲ್ಲಿ ಶ್ರೀಮಂತನಾಗಿ, 1810ರಲ್ಲಿ ಅಮೆರಿಕದ ಮುದ್ರಣದ ಇತಿಹಾಸವನ್ನು ಎರಡು ಸಂಪುಟಗಳಲ್ಲಿ ಬರೆದ. ಅದನ್ನು ಬರೆಯಲೆಂದು ಕೂಡಿಹಾಕಿದ ಪುಸ್ತಕಗಳೂ ಪತ್ರಿಕೆಗಳೂ ಈ ಗ್ರಂಥಾಲಯದ ಬುನಾದಿಯಾದವು. ಇಂಥ ಸಂಗ್ರಹವನ್ನು ಸಮುದ್ರತೀರದ ಬಾಸ್ಟನ್ನಿನಲ್ಲಿ ಇಟ್ಟರೆ ಶತ್ರುವಿನ ಹಡಗಿನ ಫಿರಂಗಿಗೆ ಬಲಿಯಾದೀತು, ಒಳನಾಡೇ ಸುರಕ್ಷಿತ ಎಂಬುದು ಆತನ ಲೆಕ್ಕ. 1812 ಎಂದರೆ ಬ್ರಿಟನ್ನಿನೊಂದಿಗೆ ಮತ್ತೆ ಯುದ್ಧ ಶುರುವಾದ ವರ್ಷ. ಆದ್ದರಿಂದ ಅದು ಬರೀ ಕಾಲ್ಪನಿಕ ಭಯವಾಗಿರಲಿಲ್ಲ.

ಸಾಲಿಸ್‌ಬರಿ ಬೀದಿಯ ಈಗಿನ ಕಟ್ಟಡ 1910ರದ್ದು. ಮೇಲೆ ಗುಮ್ಮಟ, ಅದರಡಿ ಎಂಟು ಮೂಲೆಯ ಓದುವ ಕೋಣೆ. ಥಾಮಸ್ ಬಳಸಿದ ಮರದ ಮುದ್ರಣಯಂತ್ರವನ್ನೂ ಈ ಸಂಸ್ಥೆ ಜೋಪಾನವಾಗಿ ಇಟ್ಟುಕೊಂಡಿದೆ. ಆತ ಅದನ್ನು "ನಂಬರ್ ಒನ್" ಎಂದು ಕರೆಯುತ್ತಿದ್ದನಂತೆ. ಅಮೆರಿಕದಲ್ಲಿ 1640ರಿಂದ 1821ರವರೆಗೆ ಅಚ್ಚಾದುದೆಂದು ತಿಳಿದುಬಂದಿರುವ ಪ್ರಕಟಣೆಗಳಲ್ಲಿ ಸುಮಾರು ಮೂರನೆಯ ಎರಡು ಭಾಗ ಇಲ್ಲಿದೆ. ಪತ್ರಿಕೆಗಳ ಸಂಚಿಕೆಗಳೇ 20 ಲಕ್ಷಕ್ಕೂ ಹೆಚ್ಚು.

ಒಳಗೆ ಹೋಗುವ ಕ್ರಮ ಸರಳವಾಗಿತ್ತು. ಓದಲು ಶುಲ್ಕವಿಲ್ಲ. ಮುಂಚಿತವಾಗಿ ಅರ್ಜಿ ತುಂಬಿ, ಏನನ್ನು ಯಾತಕ್ಕಾಗಿ ನೋಡುತ್ತೇನೆಂದು ಬರೆದು, ಅಲ್ಲಿಗೆ ಹೋದ ದಿನ ಫೋಟೊ ಇರುವ ಗುರುತಿನ ಪತ್ರ ತೋರಿಸಬೇಕು. ನಾನು ಪಾಸ್‌ಪೋರ್ಟ್ ತೋರಿಸಿದೆ. ಕೋಟು, ಚೀಲ, ನೀರಿನ ಬಾಟಲಿ ಎಲ್ಲವೂ ಹೊರಗೆ. ಪೆನ್ನಿನ ವಿಷಯವನ್ನು ಮಗಳು ಬೆಳಿಗ್ಗೆಯೇ ಹೇಳಿದ್ದಳು. "ಅಪ್ಪಾ, ಜೇಬಿನಲ್ಲಿರೋ ಪೆನ್ನು ಇಲ್ಲೇ ಬಿಟ್ಟು ಹೋಗಿ, ಅಲ್ಲಿ ಪೆನ್ಸಿಲ್ ಮಾತ್ರ." ಅಂಗಿಯ ಜೇಬಿನಲ್ಲಿ ಪೆನ್ನಿಲ್ಲದೆ ನಾನು ಮನೆಯಿಂದ ಹೊರಬಿದ್ದದ್ದು ನಲವತ್ತು ವರ್ಷಗಳಲ್ಲಿ ಅದೇ ಮೊದಲು.

ನೇರವಾಗಿ 1782ರ ಫಿಲಡೆಲ್ಫಿಯಾ ಪತ್ರಿಕೆಗಳನ್ನು ತಂದು ಮುಂದಿಡುತ್ತಾರೆಂದು ಎಣಿಸಿದ್ದೆ. ಹಾಗಾಗಲಿಲ್ಲ. ಗಣಕದಲ್ಲಿ ಪ್ರತಿ ಲಭ್ಯವಿರುವ ಪತ್ರಿಕೆಯನ್ನು ಮೊದಲು ಅಲ್ಲೇ ನೋಡಬೇಕು, ಮೂಲ ಕಾಗದವೇ ಬೇಕಾದರೆ ಅದಕ್ಕೆ ಕಾರಣ ಹೇಳಬೇಕು ಎಂದು ಗ್ರಂಥಪಾಲಕರು ಸೌಜನ್ಯದಿಂದ ವಿವರಿಸಿದರು. ಎರಡು ಶತಮಾನ ದಾಟಿದ ಹಾಳೆಗೆ ಪ್ರತಿಯೊಂದು ಕೈ ತಗುಲಿದಾಗಲೂ ಆಯಸ್ಸು ಸ್ವಲ್ಪ ಕಡಿಮೆಯಾಗುತ್ತದೆ ಎಂಬುದು ನ್ಯಾಯವಾದ ಮಾತೇ. ಆದರೂ ಏಳು ಸಮುದ್ರ ದಾಟಿ ಬಂದು ಮತ್ತೆ ಪರದೆಯನ್ನೇ ನೋಡಬೇಕೆ ಎಂದು ಒಳಗೊಳಗೇ ಮುನಿಸಿಕೊಂಡೆ. ಆ ಮುನಿಸು ಸಂಜೆಯ ಹೊತ್ತಿಗೆ ಇಳಿಯಿತು, ಏಕೆಂದರೆ ಮೊದಲ ದಿನದ ಪಾಠವೆಲ್ಲ ಆ ಪರದೆಯ ಮೇಲೆಯೇ ಆಯಿತು.

ಹೈದರಾಲಿಯ ಹೆಸರನ್ನು ನಮಗೆ ರೂಢಿಯಲ್ಲಿರುವ ಇಂಗ್ಲಿಷ್ ಕಾಗುಣಿತದಲ್ಲಿ ಹುಡುಕಿದಾಗ ನಾಲ್ಕೈದು ತುಣುಕುಗಳಷ್ಟೇ ಸಿಕ್ಕವು. ಆ ಕಾಲದ ಮುದ್ರಕರಿಗೆ ಅವನು ಹೈಡರ್ ಆಲ್ಲಿ, ಹೇಡರ್ ಆಲಿ, ಹೈಡರ್ ನಾಯಿಗ್. ಕೊನೆಯದು "ನಾಯಕ" ಎಂಬುದರ ಇಂಗ್ಲಿಷ್ ಅವತಾರವೆಂದು ಹೊಳೆಯಲು ನನಗೇ ಒಂದು ಕ್ಷಣ ಬೇಕಾಯಿತು. ಟಿಪ್ಪು ಹೆಚ್ಚಾಗಿ ಟಿಪ್ಪೂ ಸಾಯಿಬ್. ಇವನ್ನೆಲ್ಲ ಒಂದೊಂದಾಗಿ ಹಾಕಿ ನೋಡಿದ ಮೇಲೂ ಮೈಸೂರು ಎಂಬ ಹೆಸರು ಬಹಳ ಕಡಿಮೆ ಸಿಗುತ್ತಿತ್ತು. ಯುದ್ಧದ ಸುದ್ದಿ ಇದ್ದು ದೇಶದ ಹೆಸರೇ ಇಲ್ಲದಿರುವುದು ಹೇಗೆ ಎಂದು ತಲೆ ಕೆರೆದುಕೊಳ್ಳುತ್ತಿದ್ದಾಗ ಗ್ರಂಥಪಾಲಕರು ನನ್ನ ಭುಜದ ಹಿಂದಿನಿಂದ ನೋಡಿ, "ಎಸ್ ತೆಗೆದು ಎಫ್ ಹಾಕಿ ನೋಡಿ" ಎಂದರು. ಆ ಕಾಲದ ಅಚ್ಚಿನಲ್ಲಿ ಪದದ ನಡುವೆ ಬರುವ ಎಸ್ ಅಕ್ಷರ ಉದ್ದವಾಗಿ, ಅಡ್ಡಗೆರೆ ಪೂರ್ತಿಯಿಲ್ಲದ ಎಫ್‌ನಂತೆ ಇರುತ್ತಿತ್ತು. ಮನುಷ್ಯರ ಕಣ್ಣು ಎರಡು ಪುಟದಲ್ಲಿ ಅದಕ್ಕೆ ಹೊಂದಿಕೊಳ್ಳುತ್ತದೆ. ಯಂತ್ರ ಮಾತ್ರ ಅದನ್ನು ಎಫ್ ಎಂದೇ ಓದಿ ಹಾಗೆಯೇ ದಾಖಲಿಸಿಕೊಂಡಿತ್ತು. ನಾನು "ಮೈಫೋರ್" ಎಂದು ಬೆರಳಚ್ಚು ಮಾಡಿದೆ. ಪರದೆಯ ತುಂಬ ಮೈಸೂರು ಬಂದು ನಿಂತಿತು.

ಎರಡನೆಯ ದಿನ ಕಾರಣ ಬರೆದುಕೊಟ್ಟೆ. ಗಣಕದಲ್ಲಿ ತುಣುಕು ಸಿಗುತ್ತದೆ, ಆದರೆ ಆ ತುಣುಕು ಪುಟದಲ್ಲಿ ಯಾವ ಸುದ್ದಿಯ ಕೆಳಗೆ, ಯಾವ ಊರಿನ ಶೀರ್ಷಿಕೆಯಡಿ ಕೂತಿದೆ, ಮುಂದಿನ ವಾರದ ಸಂಚಿಕೆಯಲ್ಲಿ ಅದು ಏನಾಯಿತು ಎಂಬುದನ್ನು ಹಾಳೆ ತಿರುವಿ ನೋಡಬೇಕಾಗಿದೆ ಎಂದು ಬರೆದೆ. ಪರದೆಯ ಮೇಲೂ ಪೂರ್ಣ ಪುಟ ನೋಡಬಹುದಿತ್ತು, ಅದು ಅವರಿಗೂ ಗೊತ್ತಿತ್ತು. ಹಾಗಿದ್ದರೂ ಒಪ್ಪಿದರು. ಬೇಡಿಕೆಯ ಚೀಟಿ ತುಂಬಿ ಕೊಟ್ಟು ಕಾಯುತ್ತ ಕುಳಿತೆ. ಪುಸ್ತಕದ ಕಪಾಟುಗಳ ಬಳಿಗೆ ಓದುಗರು ಹೋಗುವಂತಿಲ್ಲ, ಎಲ್ಲವನ್ನೂ ಸಿಬ್ಬಂದಿಯೇ ತಂದುಕೊಡುತ್ತಾರೆ.

ಬಂದದ್ದು 'ಫ್ರೀಮನ್ಸ್ ಜರ್ನಲ್' ಎಂಬ ಪತ್ರಿಕೆಯ ಸಂಪುಟ. ಫಿಲಡೆಲ್ಫಿಯಾದಲ್ಲಿ ಫ್ರಾನ್ಸಿಸ್ ಬೈಲಿ ಎಂಬವನು 1781ರಲ್ಲಿ ಶುರುಮಾಡಿದ ನಾಲ್ಕು ಪುಟಗಳ ವಾರಪತ್ರಿಕೆ ಅದು. ಮೆತ್ತನೆಯ ಫೋಮಿನ ಇಳಿಜಾರು ಒರಗುಗಳ ಮೇಲೆ ಸಂಪುಟವನ್ನು ಅರ್ಧವಷ್ಟೇ ತೆರೆದು ಮಲಗಿಸಿ, ಹಾಳೆ ಏಳದಂತೆ ಬಟ್ಟೆಯೊಳಗೆ ಹೊಲಿದ ತೂಕದ ಸರವೊಂದನ್ನು ಮೇಲಿಟ್ಟರು. ಕೈಗವಸು ಕೊಡುತ್ತಾರೆಂದು ಎಣಿಸಿದ್ದೆ, ಅದು ಬೇಡವಂತೆ. ಗವಸು ಹಾಕಿದ ಬೆರಳಿಗೆ ಹಾಳೆಯ ಅಂಚು ತಿಳಿಯದೆ ಹರಿಯುವ ಸಾಧ್ಯತೆಯೇ ಹೆಚ್ಚು, ಚೆನ್ನಾಗಿ ತೊಳೆದು ಒರೆಸಿದ ಕೈಯೇ ಒಳ್ಳೆಯದು ಎಂದರು. ನಾನು ಕೈ ತೊಳೆದು ಬಂದು ಕುಳಿತು, ಮೊದಲ ಹಾಳೆ ತಿರುವಲು ಹೊರಟವನು, ಅಭ್ಯಾಸಬಲದಿಂದ ತೋರುಬೆರಳನ್ನು ನಾಲಿಗೆಗೆ ತಾಗಿಸಿಬಿಟ್ಟೆ. ಎದುರಿನ ಮೇಜಿನಿಂದ ಗ್ರಂಥಪಾಲಕರು ಎದ್ದು ಬಂದರು, ಬೈಯಲಿಲ್ಲ. ನಾನೇ ಮಗುವಿನಂತೆ ಮತ್ತೊಮ್ಮೆ ಕೈ ತೊಳೆದು ಬಂದೆ. ಸಾವಿರಾರು ಉತ್ತರಪತ್ರಿಕೆಗಳನ್ನು ಹಾಗೆಯೇ ತಿರುವಿದ ಬೆರಳು, ಅದರ ತಪ್ಪೇನೂ ಇಲ್ಲ.

ಕಾಗದದ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ 1950ರ ದಶಕದ ಪತ್ರಿಕೆಗಳನ್ನು ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತವೆ. 1782ರ ಈ ಹಾಳೆ ಬಟ್ಟೆಯಂತೆ ಬಾಗುತ್ತಿತ್ತು. ಅದು ನಿಜಕ್ಕೂ ಬಟ್ಟೆಯೇ. ಹಳೆಯ ನಾರುಬಟ್ಟೆಯ ಚಿಂದಿಯನ್ನು ಕೊಳೆಸಿ ಅರೆದು ಮಾಡಿದ ಕಾಗದ ಅದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮರದ ತಿರುಳಿನ ಅಗ್ಗದ ಕಾಗದ ಬಂದ ಮೇಲೆಯೇ, ಒಳಗಿನ ಆಮ್ಲದಿಂದ ಪತ್ರಿಕೆಗಳು ತಮ್ಮನ್ನು ತಾವೇ ಸುಟ್ಟುಕೊಳ್ಳತೊಡಗಿದ್ದು. ಹಾಳೆಯ ಹಿಂಬದಿಗೆ ಬೆರಳು ಸವರಿದರೆ ಮೊಳೆ ಒತ್ತಿದ ಉಬ್ಬು ಇನ್ನೂ ತಿಳಿಯುತ್ತಿತ್ತು.

ಆ ಸಂಪುಟದಲ್ಲಿ ನಾನು ಹುಡುಕಿದ್ದು ಸಿಕ್ಕಿತು. ಕಥೆ ಹೀಗಿದೆ. ಡೆಲಾವೇರ್ ನದಿಯ ವ್ಯಾಪಾರದ ಹಡಗುಗಳಿಗೆ ಬ್ರಿಟಿಷರ ಕಾಟ ತಾಳಲಾರದೆ ಪೆನ್ಸಿಲ್ವೇನಿಯಾದವರು ವ್ಯಾಪಾರಿ ಹಡಗೊಂದಕ್ಕೆ 16 ಫಿರಂಗಿ ಹೂಡಿ, 'ಹೈಡರ್ ಆಲ್ಲಿ' ಎಂಬ ಹೆಸರಿನ ಅದನ್ನು ಜೋಶುವಾ ಬಾರ್ನಿ ಎಂಬ 22 ವರ್ಷದ ಕಪ್ತಾನನ ಕೈಗೆ ಕೊಟ್ಟರು. 1782ರ ಏಪ್ರಿಲ್ 8ರಂದು ತನಗಿಂತ ಬಲವಾದ 'ಜನರಲ್ ಮಂಕ್' ಎಂಬ ಬ್ರಿಟಿಷ್ ಹಡಗನ್ನು ಅದು ಅರ್ಧ ಗಂಟೆಯೊಳಗೆ ಸೋಲಿಸಿ ಸೆರೆಹಿಡಿಯಿತು. ಬಾರ್ನಿ ಚುಕ್ಕಾಣಿಗಾರನಿಗೆ ಮೊದಲೇ ಗುಟ್ಟಾಗಿ, ತಾನು ಕೂಗಿ ಕೊಡುವ ಆಜ್ಞೆಗೆ ತದ್ವಿರುದ್ಧವಾಗಿ ತಿರುಗಿಸೆಂದು ಹೇಳಿಟ್ಟಿದ್ದ. ಅವನ ಕೂಗು ಕೇಳಿ ಶತ್ರು ಮೋಸಹೋದ. ಹೈದರನ ಕುದುರೆ ಸವಾರರು ಇದನ್ನು ಕೇಳಿದ್ದರೆ ಮೆಚ್ಚುತ್ತಿದ್ದರು.

ಈ ಹಡಗಿನ ಮೇಲೆ ಪದ್ಯ ಕಟ್ಟಿದವನು ಫಿಲಿಪ್ ಫ್ರೆನೋ. ಸ್ವತಃ ಬ್ರಿಟಿಷರ ಸೆರೆಹಡಗಿನಲ್ಲಿ ನರಳಿ ಬಂದಿದ್ದ ಈ ಕವಿ ಆಗ ಬೈಲಿಯ ಪತ್ರಿಕೆಗೆ ಬರೆಯುತ್ತಿದ್ದ. ನಾವಿಕರನ್ನು ಹಡಗಿಗೆ ಸೇರಲು ಕರೆಯುವ ಅವನ ಪದ್ಯದಲ್ಲಿ, ಸ್ವಾತಂತ್ರ್ಯದ ಜ್ವಾಲೆ ತಗುಲಿ, ದಬ್ಬಾಳಿಕೆಯ ಬ್ರಿಟಿಷರಿಗೆ ಅವಮಾನ ಮಾಡಿ, ತನ್ನ ನಾಡಿಗಾದ ಅನ್ಯಾಯಕ್ಕೆ ಸೇಡು ತೀರಿಸಿಕೊಳ್ಳುತ್ತಿರುವ ಪೂರ್ವದ ರಾಜನೊಬ್ಬನ ಹೆಸರನ್ನು ಈ ಹಡಗು ಹೊತ್ತಿದೆ ಎಂಬ ಮಾತು ಬರುತ್ತದೆ. ಬೂದಿಕೋಟೆಯಲ್ಲಿ ಹುಟ್ಟಿದವನ ಹೆಸರು ಫಿಲಡೆಲ್ಫಿಯಾದ ನಾವಿಕರ ಬಾಯಲ್ಲಿ! ಕೋಣೆಯಲ್ಲಿ ಸದ್ದು ಮಾಡುವಂತಿರಲಿಲ್ಲ, ಇಲ್ಲವಾದರೆ ಮೇಜು ಕುಟ್ಟುತ್ತಿದ್ದೆ.

ಸಂತೋಷ ಇಳಿದ ಮೇಲೆ ಇತಿಹಾಸದ ಮೇಷ್ಟರು ಎಚ್ಚರವಾದರು. ಈ ಪೂರ್ವದ ರಾಜ ನಿಜವಾಗಿ ಯಾರು? ಹೈದರನ ಭೂಕಂದಾಯ, ಪಾಳೆಯಗಾರರೊಂದಿಗಿನ ಅವನ ಜಗಳ, ಒಡೆಯರನ್ನು ಅವನು ಅರಮನೆಯೊಳಗೆ ಕೂರಿಸಿದ ರೀತಿ, ಇವು ಯಾವುವೂ ಫಿಲಡೆಲ್ಫಿಯಾದವರಿಗೆ ಬೇಕಾಗಿರಲಿಲ್ಲ. ಬೇಕಾಗಿದ್ದದ್ದು 1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಹೈದರನೆದುರು ಬ್ರಿಟಿಷರ ಕರ್ನಲ್ ಬೈಲಿಯ ಸೈನ್ಯ ನೆಲಕಚ್ಚಿದ ಸುದ್ದಿಯೊಂದೇ. (ಪತ್ರಿಕೆಯ ಮುದ್ರಕನೂ ಬೈಲಿ, ಸೋತ ಕರ್ನಲನೂ ಬೈಲಿ, ನನ್ನ ಟಿಪ್ಪಣಿಯಲ್ಲಿ ಇಬ್ಬರೂ ಬೆರೆತು ಒಂದು ಮಧ್ಯಾಹ್ನ ಹಾಳಾಯಿತು.) ಆ ಸುದ್ದಿ ಇವರಿಗೆ ತಲುಪಿದ ದಾರಿಯನ್ನು ಹಾಳೆಗಳೇ ಹೇಳುತ್ತವೆ. ಭಾರತದ ಸುದ್ದಿಯನ್ನು ಹುಡುಕುತ್ತ ಹೋದರೆ ಅದು ಮತ್ತೆ ಮತ್ತೆ "ಲಂಡನ್" ಎಂಬ ಶೀರ್ಷಿಕೆಯಡಿಯಲ್ಲೇ ಕೂತಿರುತ್ತದೆ. ಮದರಾಸಿನಿಂದ ಯಾರೋ ಬರೆದ ಪತ್ರ ತಿಂಗಳುಗಟ್ಟಲೆ ಹಡಗಿನಲ್ಲಿ ಸಾಗಿ ಲಂಡನ್ನಿನ ಪತ್ರಿಕೆಯಾಗಿ, ಆ ಪತ್ರಿಕೆ ಅಟ್ಲಾಂಟಿಕ್ ದಾಟಿ ಒಂದು ಬಂದರಿನ ಪತ್ರಿಕೆಯಾಗಿ, ಅಲ್ಲಿಂದ ಪಕ್ಕದ ಊರಿನ ಪತ್ರಿಕೆಗಳಿಗೆ ಇಳಿಯುತ್ತದೆ. ಮುದ್ರಕರು ತಮ್ಮ ತಮ್ಮ ಪತ್ರಿಕೆಗಳನ್ನು ಅಂಚೆಯಲ್ಲಿ ವಿನಿಮಯ ಮಾಡಿಕೊಂಡು ಒಬ್ಬರದನ್ನು ಒಬ್ಬರು ಕತ್ತರಿಸಿ ಹಾಕಿಕೊಳ್ಳುವುದು ಅಲ್ಲಿನ ಪದ್ಧತಿ. 1792ರ ಅಂಚೆ ಕಾನೂನು ಈ ವಿನಿಮಯವನ್ನು ಪೂರ್ತಿ ಉಚಿತವಾಗಿಸಿತು. ಹೀಗೆ ಹೈದರನ ಶತ್ರುಗಳು ಬರೆದ ಪತ್ರಗಳೇ ಅಮೆರಿಕದಲ್ಲಿ ಅವನನ್ನು ವೀರನನ್ನಾಗಿ ಮಾಡಿದ್ದವು. ಇಂಗ್ಲಿಷರ ಗೋಳನ್ನು ಅಮೆರಿಕದವರು ತಲೆಕೆಳಗು ಮಾಡಿ ಓದಿಕೊಂಡಿದ್ದರು. ಗಣಕದ ತುಣುಕುಗಳಲ್ಲಿ ನಾನು ಮೈಸೂರನ್ನು ಕಂಡೆನೆಂದು ಭಾವಿಸಿದ್ದೆ. ಹಾಳೆ ತಿರುವಿದಾಗ ಕಂಡದ್ದು ಮೈಸೂರಲ್ಲ, ಸುದ್ದಿ ನಡೆದುಬಂದ ದಾರಿ.

ಆ ಹೊತ್ತಿನಲ್ಲಿ ನಮ್ಮ ಕಡೆಯ ಅಚ್ಚಿನ ಮಾತು ಏನಿತ್ತು ಎಂದು ಯಾರಾದರೂ ಕೇಳಿದರೆ, ಏನೂ ಇರಲಿಲ್ಲ ಎನ್ನಬೇಕು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಸಿರಾಂಪುರದಲ್ಲಿ ಅಚ್ಚಾದದ್ದು 1817ರಲ್ಲಿ, 'ಮಂಗಳೂರ ಸಮಾಚಾರ' ಹೊರಟದ್ದು 1843ರಲ್ಲಿ. ಫ್ರೆನೋನ ಪದ್ಯಕ್ಕೆ ಎದುರಾಗಿ ಇಡಲು ಶ್ರೀರಂಗಪಟ್ಟಣದಿಂದ ಹೊರಟ ಒಂದು ಮುದ್ರಿತ ಕನ್ನಡ ಹಾಳೆಯೂ ಇಲ್ಲ.

ಮೂರನೆಯ ದಿನ 'ಸ್ಪೈ' ಪತ್ರಿಕೆಯತ್ತ ತಿರುಗಿದೆ. ಟಿಪ್ಪುವಿನ ರಾಯಭಾರಿಗಳು ಫ್ರಾನ್ಸಿಗೆ ಹೊರಟ 1787ರ ಸಂಪುಟ ಬೇಕೆಂದು ಚೀಟಿ ಕೊಟ್ಟೆ. ಆ ವರ್ಷ ಅಂಥ ಪತ್ರಿಕೆಯೇ ಇರಲಿಲ್ಲವೆಂದು ತಿಳಿಯಿತು. ಜಾಹೀರಾತುಗಳ ಮೇಲೆ ಮ್ಯಾಸಚೂಸೆಟ್ಸ್ ಸರ್ಕಾರ ತೆರಿಗೆ ಹಾಕಿದ್ದನ್ನು ಪ್ರತಿಭಟಿಸಿ ಥಾಮಸ್ 1786ರಲ್ಲಿ ಪತ್ರಿಕೆ ನಿಲ್ಲಿಸಿ, ತೆರಿಗೆಗೆ ಸಿಕ್ಕದಂತೆ 'ವುಸ್ಟರ್ ಮ್ಯಾಗಜೀನ್' ಎಂಬ ಇನ್ನೊಂದು ರೂಪದಲ್ಲಿ ಹೊರತಂದು, 1788ರಲ್ಲಿ ತೆರಿಗೆ ತೊಲಗಿದ ಮೇಲೆ ಹಳೆಯ ಹೆಸರಿಗೆ ಮರಳಿದ್ದ. ಬ್ರಿಟಿಷರ ತೆರಿಗೆಯ ವಿರುದ್ಧ ಎದ್ದುನಿಂತ ಮುದ್ರಕ ತನ್ನದೇ ಸರ್ಕಾರದ ತೆರಿಗೆಗೂ ತಲೆ ಬಾಗಿಸಲಿಲ್ಲ ಎಂಬುದನ್ನು ನಾನು ಕಲಿತದ್ದು ಖಾಲಿಯಾಗಿ ಹಿಂದಿರುಗಿದ ಆ ಚೀಟಿಯಿಂದ.

ಅಂದೇ ಇನ್ನೊಂದು ವಸ್ತುವಿನ ಪರಿಚಯವಾಯಿತು. ಥಾಮಸ್ ಮುದುಕನಾದ ಮೇಲೆ ಬಾಸ್ಟನ್ನಿನ ಬೀದಿ ಲಾವಣಿಗಳ ಮುದ್ರಕನೊಬ್ಬನಿಂದ ಮುನ್ನೂರಕ್ಕೂ ಹೆಚ್ಚು ಬಿಡಿ ಹಾಳೆಗಳನ್ನು ಕೊಂಡು, ಮೂರು ಸಂಪುಟಗಳಾಗಿ ಕಟ್ಟಿಸಿ, 1814ರಲ್ಲಿ ಸೊಸೈಟಿಗೆ ಕೊಟ್ಟ. ಈ ಕಾಲದಲ್ಲಿ ಸಾಮಾನ್ಯ ಜನ ಇಂಥದನ್ನು ಓದುತ್ತಿದ್ದರೆಂದು ತೋರಿಸಲು ಕಾಪಾಡಿದ್ದೇನೆ ಎಂಬ ಅರ್ಥದ ಟಿಪ್ಪಣಿಯನ್ನೂ ಬರೆದಿಟ್ಟ. ಟಿಪ್ಪಣಿಯ ಧಾಟಿಯಲ್ಲಿ ತುಸು ಮೂಗು ಮುರಿದದ್ದು ಕಾಣುತ್ತದೆ. ಆದರೆ ಆರು ವರ್ಷದವನಾಗಿದ್ದಾಗ ತಾನು ಮೊದಲು ಜೋಡಿಸಿದ್ದೂ ಲಾವಣಿಯ ಮೊಳೆಗಳನ್ನೇ ಎಂಬುದು ಅವನಿಗೆ ಮರೆತಿರಲಾರದು. ನಮ್ಮ ಜಾತ್ರೆಗಳಲ್ಲಿ ಮಾರುತ್ತಿದ್ದ ಲಾವಣಿ ಪುಸ್ತಕಗಳನ್ನು ನಾನೂ ಬಾಲ್ಯದಲ್ಲಿ ಕಂಡಿದ್ದೇನೆ, ಒಂದನ್ನೂ ಉಳಿಸಿಕೊಂಡಿಲ್ಲ.

ಕೊನೆಯ ದಿನ 1791 ಮತ್ತು 1792ರ 'ಸ್ಪೈ' ಸಂಪುಟಗಳು. ಈ ವೇಳೆಗೆ ಮೊದಲ ಪುಟ ಬಿಟ್ಟು ನೇರವಾಗಿ ಲಂಡನ್ ಸುದ್ದಿಯ ಅಂಕಣಕ್ಕೆ ಹೋಗುವುದು ರೂಢಿಯಾಗಿತ್ತು. ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಕಾರ್ನ್‌ವಾಲಿಸ್, 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಅಮೆರಿಕದವರಿಗೆ ಶರಣಾಗಿದ್ದ ಅದೇ ಕಾರ್ನ್‌ವಾಲಿಸ್. ಈ ಊರಿನ ಓದುಗರಿಗೆ ಅವನ ಹೆಸರಿನ ಪಕ್ಕ ವಿವರಣೆ ಬೇಕಾಗಿರಲಿಲ್ಲ. 1792ರ ಮಾರ್ಚ್‌ನಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನು ಒತ್ತೆಯಾಗಿಯೂ ಕೊಟ್ಟ ಒಪ್ಪಂದದ ಸುದ್ದಿ ಇಲ್ಲಿಗೆ ತಲುಪುವ ಹೊತ್ತಿಗೆ ಕಾವೇರಿಯಲ್ಲಿ ಮತ್ತೊಂದು ಮಳೆಗಾಲದ ನೀರು ಹರಿದಿತ್ತು. ನಾನು ಹುಟ್ಟಿ ಬೆಳೆದ ಸೀಮೆಯ ಸೋಲನ್ನು ಅಲ್ಲಿ ಕುಳಿತು, ಉದ್ದ ಎಸ್‌ಗಳ ನಡುವೆ ಬೆರಳಿಟ್ಟು ಓದಿದೆ. ಬೆರಳನ್ನು ಅಕ್ಷರಕ್ಕೆ ತಾಗಿಸದೆ, ಮೇಲೆ ಗಾಳಿಯಲ್ಲಷ್ಟೇ.

1799ರ ಸಂಪುಟ ಉಳಿದುಹೋಯಿತು, ಮರುದಿನ ನನ್ನ ವಿಮಾನವಿತ್ತು. ಹಡಗಿನ ವಿವರವನ್ನೂ ಪತ್ರಿಕೆಯ ಹೆಸರನ್ನೂ ಬರೆದು ಆ ವಿದ್ಯಾರ್ಥಿನಿಗೆ ಅದೇ ರಾತ್ರಿ ಕಳಿಸಿದೆ. ಆಕೆ ಈಗ ಕೆ.ಆರ್. ಪೇಟೆ ಕಡೆ ಪ್ರೌಢಶಾಲೆಯಲ್ಲಿ ಶಿಕ್ಷಕಿ. "ಹಾಗಾದರೆ ಟಿಪ್ಪು ತೀರಿಕೊಂಡಾಗ ಅವರು ಏನು ಬರೆದರು ಸರ್?" ಎಂಬ ಪ್ರಶ್ನೆ ತಿರುಗಿ ಬಂತು. ಒಂದು ದಿನ ರಜೆ ಹಾಕಿ ತಾನೇ ಹೋಗಿ ನೋಡುತ್ತೇನೆಂದು ಮಗಳು ಒಪ್ಪಿಕೊಂಡಿದ್ದಾಳೆ. ಶ್ರೀರಂಗಪಟ್ಟಣಕ್ಕೆ ಇರುವ ಮೂರು ನಾಲ್ಕು ಕಾಗುಣಿತ, ಟಿಪ್ಪೂ ಸಾಯಿಬ್, ಮೈಫೋರ್, ಎಲ್ಲವನ್ನೂ ಪಟ್ಟಿ ಮಾಡಿ ಪೆನ್ಸಿಲಿನಲ್ಲೇ ಬರೆದುಕೊಟ್ಟು, ಹಾಳೆ ತಿರುವುವಾಗ ಜೋಪಾನ ಎಂದು ಹೇಳಿದೆ.

"ಅಪ್ಪಾ," ಎಂದಳು, "ಬೆರಳು ನೆಕ್ಕೋರು ನೀವು, ನಾನಲ್ಲ."